ಬುಡೇನ್ ಸಾಬರ ಬಸ್ಸು

1962ನೇ ಇಸವಿ. ನಾನು ಮಧುಗಿರಿಯಲ್ಲಿ ವಕೀಲಿ ಶುರುಮಾಡಿ ಆರು ವರ್ಷವಾಗಿತ್ತು. ಬರುತ್ತಿದ್ದ ಕಕ್ಷಿದಾರರೆಲ್ಲ ಬದುವಿನ ಜಗಳದವರು. ಕೆಲಸ ಹೋಯಿತು, ಪರಿಹಾರ ಕೊಡಿಸಿ ಎಂದು ಬಂದವರಲ್ಲಿ ಶಿರಾದ ಬುಡೇನ್ ಸಾಬರೇ ಮೊದಲಿಗರು.

ಅವರು ಶಿರಾ–ಮಧುಗಿರಿ–ಕೊರಟಗೆರೆ ಖಾಸಗಿ ಬಸ್ಸಿನ ಡ್ರೈವರು, ಹದಿನಾಲ್ಕು ವರ್ಷದ ಸೇವೆ. ಬಸ್ಸಿನ ಮೈಮೇಲೆ ದಪ್ಪಕ್ಷರದಲ್ಲಿ ಮಾಲೀಕರ ಹೆಸರಿತ್ತು. ಬಡವನಹಳ್ಳಿ ಸಂತೆಗೆ ಹೋಗುವವರು ಮಾತ್ರ "ಬುಡೇನ್ ಸಾಬಿ ಬಸ್ಸು ಬಂತಾ?" ಅಂತಲೇ ಕೇಳುತ್ತಿದ್ದರು. ನಮ್ಮ ಕಡೆ ಬಸ್ಸಿಗೆ ಡ್ರೈವರನ ಹೆಸರೇ ಹೆಸರು.

ಆ ವರ್ಷ ಮಾಲೀಕರು ತಮ್ಮ ಪರ್ಮಿಟ್ಟನ್ನು, ಅಂದರೆ ಆ ದಾರಿಯಲ್ಲಿ ಬಸ್ಸು ಓಡಿಸುವ ಸರ್ಕಾರಿ ಪರವಾನಗಿಯನ್ನು, ಬೇರೊಬ್ಬರಿಗೆ ವರ್ಗಾಯಿಸಿದರು. ಹೊಸಬರು ತಮ್ಮದೇ ಬಸ್ಸು, ತಮ್ಮದೇ ಡ್ರೈವರನ್ನು ತಂದರು. ಹಳೇ ಮಾಲೀಕರು ಬುಡೇನ್ ಸಾಬರ ಮುಂದೆ ಇನ್ನೂರು ರೂಪಾಯಿ ಇಟ್ಟು ಹೆಬ್ಬೆಟ್ಟು ಒತ್ತು ಅಂದರು. ಸಾಬರು ಒತ್ತದೆ ನನ್ನ ಹತ್ತಿರ ಬಂದರು. ಒಂದು ಜಟಕಾ, ಒಂದು ಕುದುರೆ ಕೊಳ್ಳುವಷ್ಟು ಸಿಕ್ಕರೆ ಸಾಕು, ಮನೆ ನಡೆಯುತ್ತೆ ಎಂದರು.

ಕಾನೂನು ಅವರ ಕಡೆಗಿತ್ತು. ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ, ಜೊತೆಗೆ ನೋಟೀಸಿನ ಬದಲು ಒಂದು ತಿಂಗಳದ್ದು. ಎಂಬತ್ತು ರೂಪಾಯಿ ಸಂಬಳಕ್ಕೆ ಒಟ್ಟು ಆರುನೂರ ನಲವತ್ತು. ಮಾಲೀಕರ ಪಡಸಾಲೆಯಲ್ಲಿ ಎರಡು ಸಲ ಕೂತು ವಾದಿಸಿ ಆರುನೂರಕ್ಕೆ ಒಪ್ಪಿಸಿದೆ. ಜಟಕಾ ಬಂದಂತೆಯೇ ಎಂದುಕೊಂಡೆ.

ದುಡ್ಡು ತರಲು ಸಾಬರ ಜೊತೆ ಮೂರನೇ ಸಲ ಹೋದಾಗ ಮಾಲೀಕರ ನಾಲಿಗೆಯಲ್ಲಿ ಬೆಲ್ಲ ಕರಗುತ್ತಿತ್ತು. ನನ್ನ ಕಡೆ ನೋಡಲೇ ಇಲ್ಲ. "ಬುಡೇನು, ಊರಿಗೆ ಊರೇ ಅದನ್ನ ನಿನ್ನ ಬಸ್ಸು ಅಂತೈತೆ. ದುಡ್ಡೇನು, ಇವತ್ತು ಬತ್ತದೆ ನಾಳೆ ಹೋಯ್ತದೆ. ಆ ಬಸ್ಸೇ ನಿಂಗೆ. ತಗೊಂಡೋಗು" ಎಂದರು.

ಬುಡೇನ್ ಸಾಬರ ಕಣ್ಣು ತುಂಬಿತು. ನಾನು ತಟ್ಟನೆ ಎದ್ದೆ. ಅವರನ್ನು ಜಗಲಿಗೆ ಕರೆತಂದು, ಪರ್ಮಿಟ್ ಇಲ್ಲದ ಬಸ್ಸು ಹಾಲು ಕರೆಯದ ಹಸು, ಮೇವು ಮಾತ್ರ ಕೇಳುತ್ತದೆ ಎಂದೆ. ತೆರಿಗೆ ಕಟ್ಟಿದ ರಸೀದಿಯನ್ನಾದರೂ ಕೇಳಿ ಎಂದೆ.

"ಹದ್ನಾಕ್ ವರ್ಸ ಅವ್ರ ಅನ್ನ ತಿಂದೀನಿ ವಕೀಲ್ರೇ. ಬಾಯ್ ತುಂಬಾ ಕೊಡ್ತೀನಿ ಅಂದೋರ್ನ ರಸೀದಿ ಕೇಳಾದಾ? ತೋಬಾ" ಎಂದರು. ಒಳಗೆ ಹೋಗಿ, ಬಸ್ಸು ತಮ್ಮ ಹೆಸರಿಗಾಗುವ ಕಾಗದಕ್ಕೂ, ಇನ್ನೇನೂ ಬಾಕಿ ಇಲ್ಲ ಎಂಬ ಕಾಗದಕ್ಕೂ ಹೆಬ್ಬೆಟ್ಟು ಒತ್ತಿಬಿಟ್ಟರು. ಮಾಲೀಕರು ಆಗ ನನ್ನ ಕಡೆ ನೋಡಿ ನಕ್ಕರು. ಆ ನಗುವನ್ನು ನಾನಿನ್ನೂ ಮರೆತಿಲ್ಲ.

ಬಸ್ಸು ಶಿರಾದಲ್ಲಿ ಹೊಂಗೆಮರದ ಕೆಳಗೆ ನಿಂತಿತು. ಹೊಸ ಪರ್ಮಿಟ್ಟಿಗೆ ಹಾಕಿದ ಅರ್ಜಿ ವಜಾ ಆಯಿತು. ಬುಡೇನ್ ಸಾಬರು ದಿನಾ ಬಸ್ಸನ್ನು ಒರೆಸುತ್ತಿದ್ದರಂತೆ. ವರ್ಷ ತುಂಬುವ ಮೊದಲೇ ತೆರಿಗೆ ವಸೂಲಿಗೆ ಅಮೀನ ಬಂದ. ಮಾಲೀಕರು ಎರಡು ವರ್ಷದ ತೆರಿಗೆ ಕಟ್ಟಿರಲೇ ಇಲ್ಲ. ಗಾಡಿ ಯಾರ ಹೆಸರಿಗೆ ಹೋಯಿತೋ ಬಾಕಿಯೂ ಅವರ ತಲೆಗೆ. ಅಮೀನ ಬೀದಿಯಲ್ಲಿ ನಿಂತು ಬಸ್ಸು ಯಾರದೆಂದು ಕೇಳಿದಾಗ ಬೀಡಿ ಅಂಗಡಿಯವನು ಎದ್ದುಬಂದು, "ಬುಡೇನ್ ಸಾಬಿದು ಕಣ್ ಸ್ವಾಮಿ, ಯಾರ್ನ ಕೇಳಿದ್ರೂ ಯೋಳ್ತಾರೆ" ಎಂದು ಮನೆಯನ್ನೂ ತೋರಿಸಿದ. ಹರಾಜಿನಲ್ಲಿ ಬಸ್ಸು ಗುಜರಿಯವನ ಪಾಲಾಯಿತು. ಬಂದ ದುಡ್ಡು ಬಾಕಿಗೆ ಸಾಲದೆ ಮನೆಯ ತಾಮ್ರದ ಹಂಡೆಯೂ ಹೋಯಿತು.

ಆಮೇಲೆ ಅವರನ್ನು ಕಂಡದ್ದು ಶಿರಾ ಬಸ್‌ಸ್ಟ್ಯಾಂಡಿನಲ್ಲಿ, ಕೂಲಿಗೆ ಬೇರೆಯವರ ಬಸ್ಸು ತೊಳೆಯುತ್ತಿದ್ದರು. ಅಂದು ನನ್ನ ಮಾತು ಯಾಕೆ ಕೇಳಲಿಲ್ಲ ಎಂದೆ. ಬಕೆಟ್ಟು ಕೆಳಗಿಟ್ಟು, "ಧಣಿ ಒಬ್ರೇ ಅಂದಿದ್ರೆ ನಂಬ್ತಿರ್ಲಿಲ್ಲ ವಕೀಲ್ರೇ. ಊರೇ ಅಂತಿತ್ತಲ್ಲ" ಎಂದರು.

ಅಲ್ಲಿಂದೀಚೆಗೆ ಕೆಲಸ ಕಳೆದುಕೊಂಡವರು ಯಾರೇ ಬರಲಿ, ಧಣಿ ಎಷ್ಟು ಕೊಡುತ್ತಾನೆ ಎಂದು ನಾನು ಮೊದಲು ಕೇಳುವುದಿಲ್ಲ. ಏನೆಂದು ಹೊಗಳಿದ ಎಂದು ಕೇಳುತ್ತೇನೆ.