ಕಾಕಾ ಶಿಫಾರಸು ಮಾಡಿದ ಯುದ್ಧಗಳು

ಯುದ್ಧದ ಸಿನಿಮಾ, ರಾಜರ ಕಾಲದ ಸೀರಿಯಲ್ಲು ಯಾವುದಾದರೂ ಒಳ್ಳೆಯದಿದ್ದರೆ ಹೇಳಿ ಎಂದು ಜನ ಈಗಲೂ ನನ್ನನ್ನು ಕೇಳುತ್ತಾರೆ. ನಮ್ಮ ಮನೆಯಲ್ಲಿ ಅಂಥವನ್ನು ರಾಶಿ ರಾಶಿ ನೋಡಿದ್ದೇವೆ ಎಂಬುದು ಸ್ಯಾನ್ ಡಿಯಾಗೋದಿಂದ ಲಾಸ್ ಏಂಜಲೀಸ್‌ವರೆಗೆ ನಮ್ಮ ಕನ್ನಡದವರಿಗೆಲ್ಲ ಗೊತ್ತು. ನಾನು ಹೇಳುವುದು ಇಷ್ಟೇ: ಯಾವುದನ್ನು ಬೇಕಾದರೂ ನೋಡಿ, ಆದರೆ ಪೂರ್ತಿ ನೋಡಿ, ನಡುವೆ ಓಡಿಸಬೇಡಿ. ಇಷ್ಟು ಹೇಳುವಾಗಲೇ ನನ್ನ ದನಿ ಏರಿರುತ್ತದೆ. ಕೇಳಿದವರು ಪಾಪ, ತಾವೇನು ತಪ್ಪು ಮಾಡಿದೆವು ಎಂದು ಮುಖ ಮುಖ ನೋಡಿಕೊಳ್ಳುತ್ತಾರೆ. ಅವರ ತಪ್ಪೇನೂ ಇಲ್ಲ. ನನ್ನ ಸಿಟ್ಟು ಬೇರೆಯವರ ಮೇಲಿನದು.

ಎರಡು ಸಾವಿರದ ಇಪ್ಪತ್ತರಲ್ಲಿ ಹೊಸ್ತಿಲು ದಾಟುವ ಹಾಗಿರಲಿಲ್ಲವಲ್ಲ, ಆಗ ಶುರುವಾದದ್ದು ಇದು. ಸ್ಯಾನ್ ಡಿಯಾಗೋ ಪಕ್ಕದ ಪೊವೇ ಊರಿನ ಬಿಸಿನೆಸ್ ಪಾರ್ಕಿನಲ್ಲಿದ್ದ ನನ್ನ ಆಫೀಸು ಊಟದ ಮೇಜಿನ ಮೇಲೆ ಬಂದು ಕೂತಿತ್ತು. ಗಂಡನ ಆಫೀಸು ಬೆಡ್‌ರೂಮಿಗೆ ಹೋಗಿತ್ತು. ಒಬ್ಬಳೇ ಮಗಳ ಸ್ಕೂಲು ಸೋಫಾದ ಮೇಲೆ ನಡೆಯುತ್ತಿತ್ತು. ಶುಕ್ರವಾರ ಸಂಜೆಯಾದರೆ ನಮ್ಮ ವಾಟ್ಸಾಪ್ ಗುಂಪಿಗೆ ಕಾಕಾನ ವಾಯ್ಸ್ ಮೆಸೇಜು ಬರುತ್ತಿತ್ತು.

ಕಾಕಾ ಅಂದರೆ ನಮಗೆ ಸಂಬಂಧಿಕರಲ್ಲ. ಧಾರವಾಡದ ಕಡೆಯವರು, ಲಾಸ್ ಏಂಜಲೀಸ್ ಹತ್ತಿರದ ಸೆರಿಟೋಸ್‌ನಲ್ಲಿ ಮನೆ, ಇಲ್ಲಿಗೆ ಬಂದು ಯಾವ ಕಾಲವಾಯಿತೋ. ಹೊಸದಾಗಿ ಬಂದವರಿಗೆ ಮನೆ ಹುಡುಕಿಕೊಟ್ಟವರು, ಕಾರು ಕೊಡಿಸಿದವರು, ಹಾಗಾಗಿ ಎಲ್ಲರಿಗೂ ಕಾಕಾ. ಅವರ ಹೆಂಡತಿ ಎಲ್ಲರಿಗೂ ಕಾಕು. ಒಳ್ಳೆಯ ಮನುಷ್ಯ, ಅದನ್ನು ಇಲ್ಲ ಅನ್ನುವುದಿಲ್ಲ. ಒಬ್ಬನೇ ಮಗ ಲಾಸ್ ಏಂಜಲೀಸ್‌ನಲ್ಲಿ ಹಲ್ಲಿನ ಡಾಕ್ಟರಿಕೆ ಓದುತ್ತಿದ್ದ.

ಕಾಕಾ ಸಿನಿಮಾ ಹೇಳುವ ರೀತಿಯೇ ಬೇರೆ. ಹೆಸರು ಹೇಳಿ ಬಿಡುತ್ತಿರಲಿಲ್ಲ, ಯಾವ ಭಾಗ ನೋಡಬೇಕು, ಯಾವ ಭಾಗ ಬಿಡಬೇಕು ಎಂದು ಅಪ್ಪಣೆ ಕೊಡುತ್ತಿದ್ದರು. "ಶುರುವಿನ ಅರ್ಧಾ ತಾಸು ಬಿಟ್ಟುಬಿಡ್ರಿ, ಬರೇ ಮನೀ ಮಂದಿ ಅಳೂದ ಐತಿ. ನಡುವ ಆಸ್ಪತ್ರಿ ಸೀನ್ ಬರ್ತಾವ, ಭಾಳ ಎಳದಾರ, ಓಡಿಸಿಬಿಡ್ರಿ. ಆಮ್ಯಾಲ ಯುದ್ಧ ಶುರು ಆಗ್ತೈತಿ ನೋಡ್ರಿ, ಅಬಬಬಾ! ಮೈಮ್ಯಾಗ ಮುಳ್ಳು ಏಳ್ತಾವ." ಹೆಂಗಸರಿಗೆ ಬೇರೆ ಪಟ್ಟಿ. "ಹೆಣ್ಮಕ್ಕಳಿಗೆ ರಾಣೀದು ಕಳಿಸೇನಿ. ಸೀರಿ, ದಾಗೀನ ನೋಡಾಕ ಎರಡು ಕಣ್ಣು ಸಾಲೂದಿಲ್ಲ." ನೋಡಿದೆ. ಅದರಲ್ಲಿ ಆ ರಾಣಿ ಹೆತ್ತ ಕೂಸನ್ನು ಕಳೆದುಕೊಂಡು, ಗಂಡನನ್ನು ಕಳೆದುಕೊಂಡು, ಕೋಟೆಯ ಮೇಲೆ ಒಬ್ಬಳೇ ನಿಂತಿರುತ್ತಾಳೆ. ಕಾಕಾನ ಕಣ್ಣಿಗೆ ಬಿದ್ದದ್ದು ಅವಳ ಕಿವಿಯ ಬುಗುಡಿ!

ನನ್ನ ಗಂಡ ಕಾಕಾನ ಮಾತನ್ನು ತಪ್ಪುವವರಲ್ಲ. ರಿಮೋಟು ಹಿಡಿದು ಕೂತರೆ ಅರ್ಧ ಗಂಟೆ ಓಡಿಸಿ ಎಂದಲ್ಲಿ ಸರಿಯಾಗಿ ಅರ್ಧ ಗಂಟೆ ಓಡಿಸುತ್ತಿದ್ದರು. ಬಾವುಟ ಏರಿದರೆ ಕಣ್ಣೊರೆಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಮಗಳು ಕಾಲು ಮಡಚಿ ಕೂತು ನೋಡುತ್ತಿದ್ದಳು. ಮಾರನೆಯ ದಿನ ಮಧ್ಯಾಹ್ನ ನಾನು ಅನ್ನಕ್ಕೆ ಇಡಲು ಎದ್ದರೆ ಅದೇ ಸಿನಿಮಾ ಮತ್ತೆ ಓಡುತ್ತಿರುತ್ತಿತ್ತು.

"ಏನೇ ಇದು, ನೋಡಿದ್ದನ್ನೇ ನೋಡ್ತಾ ಕೂತಿದ್ದೀಯಲ್ಲ?" ಎಂದೆ ಒಂದು ಸಲ.

"ಇದನ್ನ ನಾವು ನೋಡ್ಲಿಲ್ಲ ಅಮ್ಮ. ಅಪ್ಪ ಸ್ಕಿಪ್ ಮಾಡಿದ್ರು," ಎಂದಳು. ನೋಡಿದರೆ ಯಾವುದೋ ಡೇರೆ, ಮಂಚಗಳ ಸಾಲು, ಬ್ಯಾಂಡೇಜು. ನಾನು ಕುಕ್ಕರು ಕೂಗಿತೆಂದು ಒಳಗೆ ಹೋದೆ.

ಕಾಯಿಲೆಯ ಕಾಲ ಮುಗಿದ ಮೇಲೆ ಕಾಕಾನ ಮನೆಯಲ್ಲೇ ಸೇರತೊಡಗಿದೆವು. ಶನಿವಾರ ಪಕ್ಕದೂರು ಆರ್ಟೀಸಿಯಾದ ಇಂಡಿಯನ್ ಅಂಗಡಿಯಿಂದ ಸಮೋಸಾ, ಜಿಲೇಬಿ ತಂದು, ಗೋಡೆಯಷ್ಟು ದೊಡ್ಡ ಟಿವಿಯ ಮುಂದೆ ಗಂಡಸರೆಲ್ಲ ಕೂತು "ಹೊಡಿ, ಹೊಡಿ ಅವನ್ನ!" ಎಂದು ಕೂಗುವುದು. ಟೆಲಿಕಾಂ ಕಂಪನಿಯಲ್ಲಿ ಮ್ಯಾನೇಜರಾಗಿರುವವರು, ಮೀಟಿಂಗಿನಲ್ಲಿ ಬಾಸಿಗೆ ಎದುರಾಡಲು ಹೆದರುವವರು, ಇಲ್ಲಿ ಸಮೋಸಾ ಕೈಯಲ್ಲಿ ಹಿಡಿದು ದಂಡಯಾತ್ರೆ ಹೊರಡುತ್ತಿದ್ದರು. ನನಗೆ ನಗು ಬರುತ್ತಿತ್ತು. ಆಗಿನ್ನೂ ಸಿಟ್ಟು ಇರಲಿಲ್ಲ.

ಮಗಳ ಹೈಸ್ಕೂಲಿನ ಕೊನೆಯ ವರ್ಷ, ಅಂದರೆ ಹನ್ನೆರಡನೆಯ ಕ್ಲಾಸು, ಒಂದು ಸಂಜೆ, ಚಪಾತಿ ಬೇಯಿಸುತ್ತಿದ್ದೆ. ಅವಳು ಬಂದು ಫ್ರಿಜ್ಜಿಗೆ ಒರಗಿ ನಿಂತು, ಅಮೆರಿಕದ ನೌಕಾಪಡೆಗೆ ಸೇರುತ್ತೇನೆ ಎಂದಳು. ಹಡಗಿನಲ್ಲಿ ಗಾಯಗೊಂಡವರನ್ನು ನೋಡಿಕೊಳ್ಳುವ ಕೆಲಸವಂತೆ. ಕಾಲೇಜು ಆಮೇಲೆ ಓದುತ್ತಾಳಂತೆ. ಇನ್ನೂ ಹದಿನೆಂಟು ತುಂಬಿರಲಿಲ್ಲವಾಗಿ ಅಪ್ಪ ಅಮ್ಮ ಇಬ್ಬರೂ ಸೈನ್ ಮಾಡಬೇಕಂತೆ.

"ನಾನು ಸತ್ತರೂ ಮಾಡಲ್ಲ," ಎಂದೆ. ಲಟ್ಟಣಿಗೆ ಎಸೆದೆ. ಅವಳ ಮೇಲಲ್ಲ, ಸಿಂಕಿಗೆ. ಬಾಯಿಗೆ ಬಂದದ್ದೆಲ್ಲ ಅಂದೆ. ನಿನ್ನನ್ನು ಹೆತ್ತದ್ದು ಯಾರದೋ ಗುಂಡಿಗೆ ಕೊಡುವುದಕ್ಕಲ್ಲ, ನಿನ್ನ ತಲೆಗೆ ಇದನ್ನು ತುಂಬಿದವರು ಯಾರು, ಎಲ್ಲ ಅಂದೆ. ಅವಳು ಅಳಲಿಲ್ಲ. ತವೆಯ ಮೇಲಿನ ಚಪಾತಿ ಕರಕಾಗುತ್ತಿದೆ ಎಂದು ತಾನೇ ಒಲೆ ಆರಿಸಿದಳು.

ಸ್ಯಾನ್ ಡಿಯಾಗೋದಲ್ಲಿ ಇರುವವರಿಗೆ ನೌಕಾಪಡೆ ಹೊಸದೇನಲ್ಲ. ಸೇತುವೆ ದಾಟುವಾಗ ಬೂದುಬಣ್ಣದ ಹಡಗುಗಳು ಕಾಣುತ್ತವೆ. ಹಾಲು ಬ್ರೆಡ್ಡಿಗೆ ಹೋದರೆ ಕ್ಯೂನಲ್ಲಿ ಸಮವಸ್ತ್ರದ ಹುಡುಗ ಹುಡುಗಿಯರು ಮುಂದೆ ನಿಂತಿರುತ್ತಾರೆ. ಅವರಿಗೊಂದು ಥ್ಯಾಂಕ್ ಯೂ ಹೇಳಿ, ನಮ್ಮ ಸಾಮಾನು ತೆಗೆದುಕೊಂಡು ಮನೆಗೆ ಬರುತ್ತಿದ್ದೆವು. ಅವರು ಯಾರದೋ ಮಕ್ಕಳು.

ನನ್ನ ಗಂಡ ನನಗೂ ಹೇಳದೆ ಕಾಕಾನಿಗೆ ಫೋನ್ ಮಾಡಿದರು. ಅವರ ಮಾತಾದರೆ ಕೇಳುತ್ತಾಳೆ ಎಂಬ ಆಸೆ. ಭಾನುವಾರ ಕಾಕಾ, ಕಾಕು ಫ್ರೀವೇಯ ಟ್ರಾಫಿಕ್ಕಿನಲ್ಲಿ ಡ್ರೈವ್ ಮಾಡಿಕೊಂಡು ಬಂದರು. ಬಂದವರ ಮುಖ ನೋಡಬೇಕಿತ್ತು, ಸಾವಿನ ಮನೆಗೆ ಬಂದವರ ಹಾಗೆ ಚಪ್ಪಲಿ ಸದ್ದಾಗದಂತೆ ಬಿಟ್ಟು ಒಳಗೆ ಬಂದರು. ಮಗಳು ಮೇಲಿನ ರೂಮಿನಲ್ಲಿದ್ದಳು. ಕಾಕಾ ನಮ್ಮಿಬ್ಬರನ್ನು ಹತ್ತಿರ ಕೂರಿಸಿಕೊಂಡು ಪಿಸುಮಾತಿನಲ್ಲಿ ವಿಚಾರಣೆ ಶುರುಮಾಡಿದರು.

"ರೊಕ್ಕದ ತ್ರಾಸ ಏನರ ಐತೇನ್ರಿ?"

ಇಲ್ಲ ಎಂದೆವು.

"ಮಾರ್ಕ್ಸ್ ಕಡಿಮಿ ಬಂದಾವೇನು?"

"ಎಲ್ಲದರಲ್ಲೂ ಎ ಇದೆ ಕಾಕಾ."

"ಹುಡುಗಾ ಗಿಡುಗಾ ಅಂತ ಏನರ..."

"ಇಲ್ಲ ಕಾಕಾ."

"ಮತ್ತ್ಯಾಕ ಹೊಂಟಾಳ?" ಕಾಕಾನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ತಂಗಿ, ನಮ್ಮಂಥಾ ಮನೀ ಮಕ್ಕಳು ಹೋಗೂವಂಥಾದ್ದಲ್ಲ ಅದು."

ಮೈಯೆಲ್ಲ ಉರಿದುಹೋಯಿತು ನನಗೆ. ಮಗಳು ಹೋಗುವುದು ನನಗೂ ಬೇಡವಾಗಿತ್ತು, ಕಾಕಾ ಬಂದದ್ದೂ ನನ್ನ ಪರವಾಗಿಯೇ. ಆದರೂ ತಡೆಯಲಾಗಲಿಲ್ಲ. "ಹಾಗಾದ್ರೆ ಯಾರ ಮನೆ ಮಕ್ಕಳು ಹೋಗ್ಬೇಕು ಕಾಕಾ? ವಾರ ವಾರ ಹೊಡಿ ಹೊಡಿ ಅಂತ ಕೂಗಿಸಿದ್ರಲ್ಲ, ಆಗ ಹೊಡೀತಿದ್ದವರಿಗೆ ಅಮ್ಮ ಇರಲಿಲ್ವಾ?"

"ಸಿನಿಮಾ ಬ್ಯಾರೆ, ಜೀವನ ಬ್ಯಾರೆ ತಂಗಿ."

"ಅದನ್ನ ಅವಳಿಗೇ ಹೇಳಿ. ಸಿನಿಮಾ ಹೇಳಿದವರು ನೀವು, ಇದನ್ನೂ ನೀವೇ ಹೇಳಿ," ಎಂದು ಮಗಳನ್ನು ಕೆಳಗೆ ಕರೆದೆ.

ಅವಳು ಬಂದು ಮೆಟ್ಟಿಲ ಮೇಲೇ ಕೂತಳು. ಕಾಕಾ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಯುದ್ಧ ಅಂದರೆ ಆಟವಲ್ಲ, ಟಿವಿಯಲ್ಲಿ ತೋರಿಸುವುದು ನಂಬಬಾರದು, ಮೊದಲು ಡಿಗ್ರಿ, ಆಮೇಲೆ ಬೇಕಾದರೆ ಸಮಾಜಸೇವೆ. ಹೊರಗಿನವರಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಅವತ್ತು ಕಾಕಾನಿಗಾಗಿ ಕನ್ನಡದಲ್ಲಿ, ತಡವರಿಸಿಕೊಂಡು ಮಾತಾಡಿದಳು.

"ಅಂಕಲ್, ಹೋಗಬಾರದು ಅಂತ ಅನ್ಸೋ ಒಂದು ಸಿನಿಮಾ ಹೇಳಿ. ನಾನು ನೋಡ್ತೀನಿ."

ಎಷ್ಟು ಸಿನಿಮಾ ಹೇಳಿದ್ದ ಬಾಯಿ ಅದು! ಕಾಕಾ ಜೇಬಿನಿಂದ ಫೋನು ತೆಗೆದು ತಾವೇ ಕಳಿಸಿದ್ದನ್ನೆಲ್ಲ ಮೇಲೆ ಕೆಳಗೆ ಮಾಡಿದರು. ಕೊನೆಗೆ ಒಂದು ಹೆಸರು ಹೇಳಿದರು, ಹಿಮದ ಬೆಟ್ಟದ ಮೇಲೆ ನಡೆಯುವ ಯುದ್ಧದ್ದು. "ಅದರಾಗ ಒಬ್ಬಾಂವನೂ ಉಳಿಯೂದಿಲ್ಲವ್ವಾ. ಎಲ್ಲಾರೂ ಸಾಯ್ತಾರ. ಅದನ್ನ ನೋಡು."

"ನೋಡಿದೀನಿ. ಅದ್ರಲ್ಲಿ ಆಸ್ಪತ್ರೆ ಸೀನ್ ಓಡಿಸಿ ಅಂದಿದ್ರಿ ನೀವು. ಒಬ್ಬ ಸಾಯ್ತಾ ಇರ್ತಾನೆ, ಇನ್ನೊಬ್ಬ ಸುಮ್ನೆ ಅವನ ಕೈ ಹಿಡ್ಕೊಂಡು ಕೂತಿರ್ತಾನೆ. ತುಂಬಾ ಹೊತ್ತು, ಅಷ್ಟೇ. ಆ ಕೈ ಹಿಡ್ಕೊಂಡಿರೋನ ಕೆಲಸಕ್ಕೆ ನಾನು ಹೋಗ್ತಿರೋದು. ನೀವು ಅದನ್ನ ನೋಡಿದೀರಾ ಅಂಕಲ್?"

ಕಾಕಾನ ಮುಖ ಹುಳ್ಳಗಾಯಿತು. ನೋಡಿರಲಿಲ್ಲ. ಜನರಿಗೆ ಓಡಿಸಿ ಎಂದು ಹೇಳುವ ಮೊದಲು ತಾವೂ ಓಡಿಸಿಯೇ ನೋಡಿದ್ದರು. "ಉಪ್ಪಿಟ್ಟು ಆರಾಕತ್ತೈತಿ, ಎಲ್ಲಾರೂ ತಿನ್ರಿ," ಎಂದು ಕಾಕು ತಟ್ಟೆ ಮುಂದೆ ಸರಿಸಿದರು. ಎಲ್ಲರೂ ತಲೆ ಬಗ್ಗಿಸಿ ತಿಂದೆವು.

ಇಷ್ಟೆಲ್ಲ ಕೇಳಿ ನನ್ನ ಮನಸ್ಸು ಕರಗಿತು, ಹೆಮ್ಮೆಯಿಂದ ಸೈನ್ ಮಾಡಿದೆ ಎಂದು ಬರೆದರೆ ಓದುವವರಿಗೆ ಹಿತವಾಗಬಹುದು. ನಾನು ಮಾಡಲಿಲ್ಲ. ಅವಳ ಅಪ್ಪನೂ ಮಾಡಲಿಲ್ಲ. ಅವಳು ಕಾಡಲಿಲ್ಲ, ಬೇಡಲಿಲ್ಲ, ಹದಿನೆಂಟು ತುಂಬುವವರೆಗೆ ಕಾದು ತಾನೇ ಸೈನ್ ಮಾಡಿದಳು. ಸ್ಕೂಲು ಮುಗಿಸಿದ ಬೇಸಿಗೆಯಲ್ಲಿ ಹೊರಟಳು. ನಾನು ಬೈಯುತ್ತಲೇ ಚಕ್ಕುಲಿ ಕರಿದೆ, ಬೈಯುತ್ತಲೇ ಡಬ್ಬಿಗೆ ತುಂಬಿದೆ. ಅಲ್ಲಿಗೆ ಇದನ್ನೆಲ್ಲ ತೆಗೆದುಕೊಂಡು ಹೋಗುವ ಹಾಗಿಲ್ಲ ಅಮ್ಮ ಎಂದಳು. ಅದಕ್ಕೂ ಬೈದೆ. ಆ ಡಬ್ಬಿಯ ಚಕ್ಕುಲಿಯನ್ನು ನಾವಿಬ್ಬರೂ ಮುಟ್ಟಲಿಲ್ಲ, ಮೆತ್ತಗಾದ ಮೇಲೆ ಚೆಲ್ಲಿದೆ.

ತರಬೇತಿ ಮುಗಿಯಿತು, ಹಡಗು ಹತ್ತಿದಳು. ಹಡಗು ಎಲ್ಲಿದೆ ಎಂದು ಅವಳು ಹೇಳುವ ಹಾಗಿಲ್ಲ, ನಾನು ಕೇಳುವ ಹಾಗಿಲ್ಲ. ಫೋನು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಟಿವಿಯ ಸುದ್ದಿಯಲ್ಲಿ ಸಮುದ್ರ ಕಂಡರೆ ಸಾಕು, ಎದ್ದು ಹೋಗಿ ಫೋನಿನಲ್ಲಿ ಚಾರ್ಜಿದೆಯೇ ಎಂದು ನೋಡುತ್ತೇನೆ. ಗುಂಪಿನಲ್ಲಿ ಶುಕ್ರವಾರದ ಮೆಸೇಜು ನಿಂತಿರಲಿಲ್ಲ. ನನ್ನ ಮಗಳು ಮನೆ ಬಿಟ್ಟು ಹೊರಟ ವಾರವೂ ಬಂದಿತ್ತು. "ಈ ವಾರ ಇದನ್ನ ನೋಡ್ರಿ, ಸಮುದ್ರದಾಗಿನ ಯುದ್ಧ, ಅಬಬಬಾ!" ಥೂ, ನಾಚಿಕೆಯಾಗಬೇಡವೇ ಎಂದು ಫೋನನ್ನು ಸೋಫಾದ ಮೇಲೆ ಕುಕ್ಕಿದೆ. ಮತ್ತೆ ಎತ್ತಿಕೊಂಡು, ನಿಮ್ಮ ಮಗ ಹಲ್ಲು ಕೀಳುವುದನ್ನು ಕಲಿಯುತ್ತಾ ಎಸಿ ರೂಮಿನಲ್ಲಿ ಕೂತಿದ್ದಾನೆ, ನಿಮಗೇನು ಬಂತು ದೊಡ್ಡ ರೋಗ ಎಂದು ಟೈಪ್ ಮಾಡಿದ್ದೆ. ಗಂಡ ಕೈಯಿಂದ ಕಿತ್ತುಕೊಂಡು ಅಳಿಸಿದರು.

ಕಳೆದ ಸಲದ ರಾಜ್ಯೋತ್ಸವ ಲಾಸ್ ಏಂಜಲೀಸ್ ಕಡೆಯ ಒಂದು ಬಾಡಿಗೆ ಹಾಲ್‌ನಲ್ಲಿ ನಡೆಯಿತು. ನನಗೆ ಹೋಗುವ ಮನಸ್ಸಿರಲಿಲ್ಲ, ಮನೆಯಲ್ಲಿ ಕೂತು ಕೂತು ಹುಚ್ಚು ಹಿಡಿಯುತ್ತದೆ ಬಾ ಎಂದು ಗಂಡ ಎಳೆದುಕೊಂಡು ಹೋದರು. ಮಕ್ಕಳ ಡ್ಯಾನ್ಸಾಯಿತು, ನಾಡಗೀತೆಯಾಯಿತು. ಊಟಕ್ಕೆ ಮೊದಲು ಒಂದು ಐತಿಹಾಸಿಕ ಸಿನಿಮಾ ಹಾಕುತ್ತಾರೆಂದು ಕಾಕಾ ಮೈಕು ಹಿಡಿದು ವೇದಿಕೆ ಏರಿದರು. ಸಿನಿಮಾಕ್ಕೆ ಮೊದಲು ಒಂದು ಮಾತು ಹೇಳಬೇಕು ಎಂದರು.

ದೊಡ್ಡ ಪರದೆಯ ಮೇಲೆ ನನ್ನ ಮಗಳ ಫೋಟೋ ಬಂತು.

ಸಮವಸ್ತ್ರದಲ್ಲಿದ್ದಳು. ಕಾಕಾ ಕೇಳಿದರೆಂದು ನನ್ನ ಗಂಡ ಕಳಿಸಿದ್ದರಂತೆ, ನನಗೆ ಹೇಳಿರಲಿಲ್ಲ. ಕಂಪ್ಯೂಟರಿನಲ್ಲಿ ಕೂತ ಯಾವನೋ ಚೆಂದ ಕಾಣಲಿ ಎಂದು ಫೋಟೋದ ಸುತ್ತ ಹೂವಿನ ಹಾರ ಹಾಕಿದ್ದ. ಕೆಳಗೆ ಎರಡು ದೀಪ.

"ಈಕಿ ನಮ್ಮ ಹುಡುಗಿ, ನಮ್ಮ ಮಂದಿಯ ಹೆಮ್ಮಿ. ಈಕಿ ಗೌರವಕ್ಕ, ನಮ್ಮೆಲ್ಲಾ ಸೈನಿಕರ ಗೌರವಕ್ಕ, ಎಲ್ಲಾರೂ ಎದ್ದು ನಿಂದರ್ರಿ. ಒಂದು ನಿಮಿಷ ಮೌನ ಆಚರಿಸೂಣು," ಎಂದರು ಕಾಕಾ.

ಕುರ್ಚಿಗಳು ಸರಸರ ಸರಿದವು. ರೇಷ್ಮೆ ಸೀರೆಗಳು, ಜುಬ್ಬಾಗಳು, ಮಕ್ಕಳು ಮರಿ ಎಲ್ಲ ಎದ್ದು ನಿಂತು ತಲೆ ತಗ್ಗಿಸಿದರು. ಪಕ್ಕದಲ್ಲಿ ನನ್ನ ಗಂಡನೂ ಏಳುತ್ತಿದ್ದರು. ಅವರ ಜುಬ್ಬಾ ಹಿಡಿದು ಜಗ್ಗಿ ಕೂರಿಸಿದೆ.

"ಕೂತ್ಕೊಳ್ರೀ!" ಎಂದು ಕಿರುಚಿದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. "ಎಲ್ಲಾ ಕೂತ್ಕೊಳ್ಳಿ! ಯಾರಿಗೆ ಎದ್ದು ನಿಲ್ತಿದ್ದೀರಾ? ನನ್ನ ಮಗಳು ಬದುಕಿದ್ದಾಳೆ!"

"ತಂಗಿ, ಗೌರವಕ್ಕ ನಿಂತಿದ್ದು..." ಎಂದು ಕಾಕಾ ಮೈಕಿನಲ್ಲೇ ತೊದಲಿದರು.

"ಕೂತ್ಕೊಳ್ಳಿ ಅಂದೆ. ಆ ಹಾರ ತೆಗೀರಿ. ಬದುಕಿದ್ದಾಳೆ ಅವಳು."

ಒಬ್ಬೊಬ್ಬರಾಗಿ ಕೂತರು. ಪರದೆ ಕಪ್ಪಾಯಿತು. ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ, ಕಾಕು ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ನನ್ನ ಗಂಡ ನನ್ನ ಕೈ ಹುಡುಕಿ ಗಟ್ಟಿಯಾಗಿ ಹಿಡಿದುಕೊಂಡರು. ಅವಳ ಫೋನು ಬಂದು ಎಷ್ಟು ದಿನವಾಗಿತ್ತು ಎಂಬುದು ಆ ಹಾಲ್‌ನಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.