ಶರಣಮ್ಮನ ಹೆಸರು

ಲೇಸರ್ ಯಂತ್ರದಡಿ ಅಕ್ರಿಲಿಕ್ ಶೀಟು ಸುಡುವ ವಾಸನೆ ನಿಮಗೆ ಗೊತ್ತೋ ಇಲ್ಲವೋ. ಹುಳಿಹುಳಿ, ಗಂಟಲಿಗೆ ಹಿಡಿಯುವಂಥದ್ದು. ಡೊಂಬಿವಲಿಯ ನನ್ನ ಬೋರ್ಡಿನಂಗಡಿಯಲ್ಲಿ ವರ್ಷಗಟ್ಟಲೆ ಅದನ್ನೇ ಉಸಿರಾಡಿ ಮೂಗು ಸತ್ತೇಹೋಗಿದೆ ಎಂದುಕೊಂಡಿದ್ದೆ. ನಿನ್ನೆ ಮಲ್ಲಪ್ಪ ಕಾಕಾ ಬಂದು ಹೋದ ಮೇಲೆ ಇವತ್ತು ಅದೇ ವಾಸನೆ ಸಹಿಸಲಾಗುತ್ತಿಲ್ಲ.

ಕಾಕಾ ರಾಯಚೂರಿನ ಕಡೆಯವರು. ಗಂಡ ಹೆಂಡತಿ ಇಬ್ಬರೂ ಠಾಕುರ್ಲಿಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತೇ ಬದುಕಿದವರು. ಕೊನೆಗೂ ಘಣಸೋಲಿ ಹಳ್ಳಿಯಲ್ಲೊಂದು ಖೋಲಿ, ಒಂದೇ ಕೋಣೆಯ ಮನೆ, ಕೊಂಡರು. ಒಳಗೆ ಕಾಲಿಡುವ ಮೊದಲೇ ಹೆಂಡತಿ ಶರಣಮ್ಮ ತೀರಿಕೊಂಡರು. ಬಾಗಿಲ ಮೇಲೆ ಅವರ ಹೆಸರು ಬೇಕೆಂದು ಏಳು ವರ್ಷದ ಹಿಂದೆ ನನ್ನಲ್ಲಿಗೆ ಬಂದಿದ್ದರು. "ಕನ್ನಡದಾಗ ಬೇಕ್ರೀ ಅಕ್ಕಾರ. ಅಕ್ಷರ ಬಿಡಿಬಿಡಿ ಬ್ಯಾಡ, ಎಲ್ಲಾ ಒಂದೇ ತುಂಡಾಗಿರಲಿ" ಎಂದಿದ್ದರು.

ಅಕ್ಷರಗಳನ್ನು ಒಂದರ ಮೇಲೊಂದು ತುಸು ಹತ್ತಿಸಿ ಕೂಡಿಸಬೇಕು, ಅಷ್ಟೆ. ಕಂಪ್ಯೂಟರಿನಲ್ಲಿ ಅದಕ್ಕೆ ಎರಡು ಆಜ್ಞೆಗಳಿವೆ. ವೆಲ್ಡ್ ಕೊಟ್ಟರೆ ನಡುವಿನ ಗೆರೆ ಅಳಿದು ಎರಡು ಆಕಾರ ಒಂದಾಗುತ್ತವೆ. ಕಂಬೈನ್ ಕೊಟ್ಟರೆ ಒಂದಾದಂತೆ ಕಾಣುತ್ತದೆ, ಆದರೆ ಒಂದರ ಮೇಲೊಂದು ಬಿದ್ದ ಜಾಗವೇ ಖಾಲಿಯಾಗುತ್ತದೆ. ಊರಿಗೆಲ್ಲ ಇದನ್ನು ಕಲಿಸುವ ಪಂಡಿತೆ ನಾನು. ಅವತ್ತು ಅವಸರದಲ್ಲಿ ಕಂಬೈನ್ ಕೊಟ್ಟೆ. ಯಂತ್ರದಲ್ಲಿ ಕತ್ತರಿಸುವ ಮರಾಠಿ ಅಣ್ಣನಿಗೆ ಕನ್ನಡ ಬಾರದು. ನಮ್ಮ ಲಿಪಿಯೇ ಹೀಗಿರಬೇಕೆಂದು ಆತ ಸುಮ್ಮನೆ ಕತ್ತರಿಸಿಟ್ಟ. ಹೆಸರು ತುಂಡುತುಂಡಾಗಿತ್ತು. ಅಕ್ಕಪಕ್ಕದ ಅಕ್ಷರಗಳು ಕೂಡಬೇಕಾದಲ್ಲೆಲ್ಲ ಇಲಿ ಕಡಿದ ಹಾಗೆ ಗಾಯ.

ಹೊಸ ಶೀಟು ಹಾಕಿ ಮತ್ತೆ ಮಾಡಬೇಕಿತ್ತು. ಸೋಮಾರಿತನವೋ ಸೊಕ್ಕೋ, ತುಂಡುಗಳನ್ನು ಕಪ್ಪು ಹಲಗೆಗೆ ಅಂಟಿಸಿ ಕೊಟ್ಟುಬಿಟ್ಟೆ. ಕಾಕಾನಿಗೆ ಓದಲು ಬಾರದು ಎಂದು ನನಗೆ ಗೊತ್ತಿತ್ತು. ಅದೇ ಧೈರ್ಯ.

ಅವರು ಬೆರಳಾಡಿಸಿ ನೋಡಿದರು. "ಇಲ್ಲಿ ಯಾಕ ಕಡದಂಗದರೀ?"

"ನಮ್ಮ ಅಕ್ಷರ ಇರುವುದೇ ಹಾಗೆ ಮಾರಾಯ್ರೆ" ಎಂದೆ. ಅವರು ನಂಬಿದರು. ಹಲಗೆಯನ್ನು ಹೆಗಲ ಮೇಲಿನ ಟವೆಲಿನಲ್ಲಿ ಸುತ್ತಿಕೊಂಡು ಹೋದರು. ಒಂದು ವಾರ ನನಗೆ ಕಸಿವಿಸಿಯಾಯಿತು, ಆಮೇಲೆ ಮರೆತೆ.

ನಿನ್ನೆ ಬಂದವರು ಕೂರುವ ಮೊದಲೇ ನನ್ನ ಪೆನ್ನು ಕೇಳಿದರು. "ಹೆಬ್ಬಟ್ಟು ಒತ್ತಾವ ಈಗ ಬರೀತೀನ್ರೀ. ದಿನಾ ಬಾಗಲ್ದಾಗ ನಿಂತು ನೋಡಿ ನೋಡಿ ಕಲ್ತೀನಿ." ಬಿಲ್ಲಿನ ಹಿಂಬದಿಯಲ್ಲಿ, ನಾಲಿಗೆ ಕಚ್ಚಿಕೊಂಡು, ಶರಣಮ್ಮ ಎಂದು ಬರೆದರು. ಪ್ರತಿ ಅಕ್ಷರದ ಅಂಚಿನಲ್ಲೂ ಆ ಕಡಿತವನ್ನು ಒಂದೂ ಬಿಡದೆ ಮೂಡಿಸಿದ್ದರು.

ನನಗೆ ಕೂತಲ್ಲೇ ಅಳು ಬಂತು. ಎಲ್ಲವನ್ನೂ ಹೇಳಿದೆ, ತಪ್ಪು ನನ್ನದು, ಸುಳ್ಳೂ ನನ್ನದು, ಇವತ್ತೇ ಹೊಸದು ಮಾಡಿಕೊಡುತ್ತೇನೆ ಎಂದೆ.

ಕಾಕಾ ಕಾಗದದ ಮೇಲಿನ ಆ ಕಡಿತಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮಾಡ್ರಿ" ಎಂದರು. "ಆದ್ರ ಅಕ್ಕಾರ, ಆಕಿನ್ನ ನೆನಸಿದ್ರ ನನ್ನ ಕೈ ಈಗ ಹಿಂಗೇ ಬರೀತದಲ್ರೀ."