ಅಪ್ಪಯ್ಯನ ಬಾಯಿಗೆ ಹಿಡಿದ ಬ್ಯಾಟ್ರಿ

ನನ್ನ ಅಪ್ಪಯ್ಯನ ಬಾಯಲ್ಲಿ ಎಷ್ಟು ಹಲ್ಲುಗಳಿದ್ದವು, ಯಾವುದು ಮುರಿದಿತ್ತು, ಯಾವುದಕ್ಕೆ ಬೆಳ್ಳಿ ತುಂಬಿಸಿದ್ದರು ಎಂಬುದನ್ನು ಇವತ್ತಿಗೂ ಕಣ್ಣು ಮುಚ್ಚಿ ಹೇಳಬಲ್ಲೆ. ಹೆಣ್ಣುಮಕ್ಕಳಿಗೆ ತಂದೆಯ ಬಗ್ಗೆ ಇಂಥದ್ದೆಲ್ಲ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ನನಗೆ ಗೊತ್ತಾದದ್ದು ಒಂದು ಪುಟ್ಟ ಟಾರ್ಚಿನಿಂದ. ನಮ್ಮ ಮನೆಯಲ್ಲಿ ಅದಕ್ಕೆ ಬ್ಯಾಟ್ರಿ ಎನ್ನುತ್ತಿದ್ದೆವು. ಉಡುಪಿ ಕಡೆಯವರು ಹೆಚ್ಚಾಗಿ ಹಾಗೆಯೇ ಹೇಳುವುದು.

ಎಂಬತ್ತರ ದಶಕದ ನಡುವಿನ ಮಾತು. ಚೆಂಬೂರಿನ ಒಂದು ಬಿಲ್ಡಿಂಗಿನ ಎರಡನೆಯ ಮಾಳಿಗೆಯಲ್ಲಿ ಅಪ್ಪಯ್ಯ, ಅಮ್ಮ ಮತ್ತು ನಾನು ಇದ್ದೆವು. ಅಪ್ಪಯ್ಯ ಮೂವತ್ತು ವರ್ಷ ಫೋರ್ಟ್ ಏರಿಯಾದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರು. ಅಷ್ಟು ಹೊತ್ತು ಒಂದೇ ಕಡೆ ಕೂರುವವರಿಗೆ ಬಾಯಿ ಸುಮ್ಮನಿರುವುದಿಲ್ಲ. ಮೊದಲು ಎಲೆಯಡಿಕೆ ಬಂತು, ಆಮೇಲೆ ಅದಕ್ಕೆ ಹೊಗೆಸೊಪ್ಪು ಸೇರಿತು. ಜಗಿದದ್ದನ್ನು ಯಾವಾಗಲೂ ಎಡಗಡೆಯ ಕೊನೆಯ ದವಡೆ ಹಲ್ಲಿನ ಹಿಂದೆ ಒತ್ತಿಟ್ಟುಕೊಳ್ಳುತ್ತಿದ್ದರು. ಅಲ್ಲೇ ಹುಣ್ಣಾಯಿತು. ಪರೀಕ್ಷೆ ಮಾಡಿದಾಗ ಅದು ಬರೀ ಹುಣ್ಣಲ್ಲ, ಕ್ಯಾನ್ಸರ್ ಎಂದು ತಿಳಿಯಿತು. ದೊಡ್ಡ ಆಸ್ಪತ್ರೆಯಲ್ಲಿ ಅಷ್ಟನ್ನು ಕತ್ತರಿಸಿ ತೆಗೆದರು. ಬೇಗ ಬಂದಿರಿ, ನಿಮ್ಮ ಪುಣ್ಯ ಎಂದರು. ಅಪ್ಪಯ್ಯ ಹೋಟೆಲು ಬಿಟ್ಟರು, ಎಲೆಯಡಿಕೆ ಬಿಟ್ಟರು, ಮನೆಯಲ್ಲಿ ಕೂತರು.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಒಂದು ಕೆಲಸ ಒಪ್ಪಿಸಿದರು. ಇದು ಮತ್ತೆ ಬರಬಹುದು. ಮೂರು ತಿಂಗಳಿಗೊಮ್ಮೆ ನಾವು ನೋಡುತ್ತೇವೆ, ದಿನವೂ ನೀವು ನೋಡಬೇಕು. ಬಿಳಿ ಮಚ್ಚೆ, ಕೆಂಪು ಗೆರೆ, ವಾಸಿಯಾಗದ ಗಾಯ, ಏನು ಕಂಡರೂ ಮಾರನೆಯ ದಿನವೇ ಬನ್ನಿ. ಬೇಗ ಬಂದರೆ ಉಳಿಸಿಕೊಳ್ಳಬಹುದು ಎಂದರು. ಜಾಗ ಎಲ್ಲಿದೆಯೆಂದು ತಮ್ಮ ಟಾರ್ಚು ಹಿಡಿದು ತೋರಿಸಿದರು. ಅದು ಕನ್ನಡಿಯಲ್ಲಿ ಅಪ್ಪಯ್ಯನಿಗೇ ಕಾಣುವ ಜಾಗವಲ್ಲ. ಅಮ್ಮನಿಗೆ ಆಸ್ಪತ್ರೆಯ ವಾಸನೆ ಬಂದರೇ ಕೈಕಾಲು ನಡುಗುತ್ತಿತ್ತು. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು.

ನಾನು ಆಗ ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟು. ಯಾವುದನ್ನು ಕೊಳ್ಳಲು ಹೋದರೂ ಅಂಗಡಿಯವನ ತಲೆ ತಿನ್ನುವವಳು. ತರಕಾರಿಯವಳು ನನ್ನನ್ನು ಕಂಡರೆ ಬುಟ್ಟಿಯ ಮೇಲೆ ಗೋಣಿ ಎಳೆಯುತ್ತಿದ್ದಳು ಎಂದು ಅಪ್ಪಯ್ಯ ಹಾಸ್ಯ ಮಾಡುತ್ತಿದ್ದರು, ಪೂರ್ತಿ ಸುಳ್ಳೂ ಅಲ್ಲ. ಮನೆಯಲ್ಲಿ ಕರೆಂಟು ಹೋದಾಗ ಬಳಸುವ ಮೂರು ಸೆಲ್ಲಿನ ದೊಡ್ಡ ಸ್ಟೀಲ್ ಬ್ಯಾಟ್ರಿ ಇತ್ತು. ಅದನ್ನು ಬಾಯಿಗೆ ಹಿಡಿದರೆ ಮುಖವೇ ಮರೆಯಾಗುತ್ತಿತ್ತು. ಅದರ ಬೆಳಕಿನ ನಡುವೆ ಒಂದು ಕಪ್ಪು ಉಂಗುರ ಬೇರೆ. ನೋಡಬೇಕಾದ ಜಾಗದ ಮೇಲೇ ಆ ಉಂಗುರ ಬಂದು ಕೂರುತ್ತಿತ್ತು.

ಒಂದು ವಾರ ಊಟದ ಬಿಡುವಿನಲ್ಲಿ ಟಾರ್ಚು ಹುಡುಕಿಕೊಂಡು ಅಲೆದೆ. ಫೋರ್ಟಿನ ಫುಟ್‌ಪಾತಿನಲ್ಲಿ ಫಾರಿನ್ ಸಾಮಾನಿನ ಅಂಗಡಿಗಳು ಸಾಲಾಗಿದ್ದವು. ಬಲಗೈಯಲ್ಲಿ ಚಮಚದ ಹಿಡಿಯಿಂದ ಕೆನ್ನೆ ಸರಿಸಬೇಕು, ಆದ್ದರಿಂದ ಟಾರ್ಚು ಎಡಗೈಯ ಎರಡು ಬೆರಳಿನಲ್ಲಿ ನಿಲ್ಲಬೇಕು. ಒದ್ದೆ ಕೈಯಿಂದ ಜಾರಬಾರದು. ಸೆಲ್ಲು ಸ್ಟೇಷನ್ ಪಕ್ಕದ ಅಂಗಡಿಯಲ್ಲೂ ಸಿಗುವಂಥದ್ದಾಗಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಬೆಳಕು ಹಳದಿಯಾಗಿರಬಾರದು, ಹಳದಿ ಬೆಳಕಿನಲ್ಲಿ ಬಿಳಿ ಮಚ್ಚೆ ಕಾಣುವುದಿಲ್ಲ ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಈಗ ಎಲ್ಲ ಕಡೆ ಸಿಗುವ ಎಲ್‌ಇಡಿಯ ಬೆಳ್ಳನೆಯ ಬೆಳಕು ಆಗ ಎಲ್ಲಿತ್ತು? ಇದ್ದದ್ದು ಕಡಲೆಕಾಳಿನಷ್ಟು ಬಲ್ಬು, ಸೆಲ್ಲು ಹೊಸದಿದ್ದಷ್ಟು ದಿನ ಬಿಳಿ, ಸೊರಗಿದ ಮೇಲೆ ಅರಿಸಿನ.

ಒಂದು ಅಂಗಡಿಯಲ್ಲಿ ಕನ್ನಡಿ ತೂಗುಹಾಕಿದ್ದರು. ನಾನು ಒಂದೊಂದೇ ಟಾರ್ಚನ್ನು ಹತ್ತಿಸಿ, ಕನ್ನಡಿಯ ಮುಂದೆ ಬಾಯಿ ಕಳೆದು, ನನ್ನದೇ ಗಂಟಲು ನೋಡಿಕೊಳ್ಳತೊಡಗಿದೆ. ಹಿಂದೆ ನಾಲ್ಕು ಜನ ನಿಂತರು. ಆರನೆಯ ಟಾರ್ಚಿಗೆ ಅಂಗಡಿಯವನ ತಾಳ್ಮೆ ಮುಗಿಯಿತು.

"ಮೇಡಂ, ಆಪ್ ಕೋ ಟಾರ್ಚ್ ಚಾಹಿಯೇ ಯಾ ದಾಂತ್ ಕಾ ಡಾಕ್ಟರ್?"

ನನಗೆ ಬೇಕಾದದ್ದು ಟಾರ್ಚೋ ಹಲ್ಲಿನ ಡಾಕ್ಟರೋ ಎಂದು ಅವನು ಕೇಳಿದ್ದಕ್ಕೆ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಪ್ಪಯ್ಯನ ಬಾಯಿ ನೋಡಬೇಕೆಂದು ಹಿಂದಿಯಲ್ಲಿ ಹೇಳಿದೆ, ಯಾಕೆಂದೂ ಹೇಳಿದೆ. ಅವನು ಒಳಗಿನ ಪೆಟ್ಟಿಗೆಯಿಂದ ಒಂದು ಕಪ್ಪು ಟಾರ್ಚು ತೆಗೆದುಕೊಟ್ಟ. ನನ್ನ ಅಂಗೈಗಿಂತ ತುಸು ಉದ್ದ, ಎರಡು ಪೆನ್ಸಿಲ್ ಸೆಲ್ಲು ಹಿಡಿಯುವಂಥದ್ದು. ಮೈತುಂಬ ಸಣ್ಣ ಗೆರೆಗಳಿದ್ದವು, ಕೈ ಜಾರುತ್ತಿರಲಿಲ್ಲ. ತಲೆ ತಿರುಗಿಸಿದರೆ ಬೆಳಕು ಉಂಗುರವಿಲ್ಲದೆ ಒಂದೇ ಸಮನೆ ಹರಡಿತು. ಅದನ್ನು ಕೊಂಡ ದಿನ ಲೋಕಲ್ ರೈಲಿನಲ್ಲಿ ಪರ್ಸನ್ನು ಎದೆಗವಚಿಕೊಂಡು ಬಂದೆ. ಅಪ್ಪಯ್ಯನನ್ನು ಇನ್ನು ಯಾರೂ ನನ್ನಿಂದ ಕಿತ್ತುಕೊಳ್ಳಲಾರರು ಎಂಬಷ್ಟು ಧೈರ್ಯ ಬಂದಿತ್ತು.

ಮರುದಿನದಿಂದ ಅದು ಮನೆಯ ಪದ್ಧತಿಯಾಯಿತು. ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಅಪ್ಪಯ್ಯ ಅಡುಗೆಮನೆಯ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಆ ಎನ್ನುತ್ತಿದ್ದರು. ನಾನು ಚಮಚದಿಂದ ಕೆನ್ನೆ ಸರಿಸಿ ಬೆಳಕು ಬಿಡುತ್ತಿದ್ದೆ. ಹೊಲಿಗೆ ಹಾಕಿದ ಜಾಗ ನಸುಗುಲಾಬಿಯಾಗಿ ಮಿನುಗುತ್ತಿತ್ತು.

"ಎಂತ ಉಂಟು?" ಎಂದು ಕೇಳುವರು.

"ಎಂತ ಇಲ್ಲ ಅಪ್ಪಯ್ಯ."

ಆ ಮಾತು ಕಿವಿಗೆ ಬೀಳುವ ತನಕ ಅವರು ಕಾಫಿ ಮುಟ್ಟುತ್ತಿರಲಿಲ್ಲ. ಅಮ್ಮನೂ ಒಳಗೆ ಲೋಟ ಹಿಡಿದು ಕಾಯುತ್ತಿದ್ದಳು. "ಎಂತ ಮಾರಾಯ್ತಿ, ಪೊಲೀಸಿನವರ ಹಾಗೆ ದಿನಾ ಬ್ಯಾಟ್ರಿ ಬಿಡ್ತೀ, ನನ್ನ ಬಾಯೊಳಗೆ ಕಳ್ಳ ಅಡಗಿದ್ದಾನಾ?" ಎಂದು ಅಪ್ಪಯ್ಯ ರೇಗಿಸುವರು. ನಾನು ಟಾರ್ಚನ್ನು ಒರೆಸಿ ಗಡಿಯಾರದ ಪಕ್ಕ ಇಟ್ಟು ಲೋಕಲಿಗೆ ಓಡುತ್ತಿದ್ದೆ. ಒಂದು ವರ್ಷಕ್ಕೂ ಮಿಕ್ಕಿ ಹೀಗೆ ನಡೆಯಿತು. ನಿಜ ಹೇಳಬೇಕೆಂದರೆ ಆ ವರ್ಷ ನಾವು ಸುಖವಾಗಿದ್ದೆವು.

ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಟಾರ್ಚಿನ ಬೆಳಕು ಹಳದಿಯಾಯಿತು. ಹೊಸ ಸೆಲ್ಲು ಹಾಕಿದೆ. ಎರಡೇ ದಿನಕ್ಕೆ ಮತ್ತೆ ಅದೇ ಹಳದಿ. ಡೂಪ್ಲಿಕೇಟ್ ಸೆಲ್ಲು ಕೊಟ್ಟನೆಂದು ಸ್ಟೇಷನ್ ಅಂಗಡಿಯವನ ಜೊತೆ ಜಗಳವಾಡಿದೆ. ಟಾರ್ಚು ಕೊಟ್ಟ ಫೋರ್ಟಿನವನ ಹತ್ತಿರವೂ ಹೋದೆ. ಅವನು ಸ್ಪ್ರಿಂಗನ್ನು ರಬ್ಬರಿನಿಂದ ಉಜ್ಜಿ, ಬೇರೆ ಸೆಲ್ಲು ಹಾಕಿ ಹತ್ತಿಸಿದಾಗ ಹಗಲಲ್ಲೂ ಕಣ್ಣು ಕುಕ್ಕಿತು. ಮನೆಗೆ ತಂದ ಮೂರನೆಯ ದಿನ ಮತ್ತೆ ಹಳದಿ. ಆಮೇಲೆ ನಾನು ಫೋರ್ಟಿನವನ ಹತ್ತಿರ ಹೋಗಲಿಲ್ಲ. ಈ ವಾರ ಆಫೀಸಿನಲ್ಲಿ ಆಡಿಟ್, ಮುಂದಿನ ವಾರ ನೋಡೋಣ ಎಂದುಕೊಂಡೆ. ಆಸ್ಪತ್ರೆಯ ಮೂರು ತಿಂಗಳ ತಪಾಸಣೆಯ ದಿನ ಅಪ್ಪಯ್ಯ ಜ್ವರವೆಂದು ಮಲಗಿದರು, ಅದೂ ಮುಂದೆ ಹೋಯಿತು. ಆ ಮಂದ ಬೆಳಕಿನಲ್ಲಿ ನೋಡಿ ದಿನವೂ ಎಂತ ಇಲ್ಲ ಎನ್ನುತ್ತಲೇ ಇದ್ದೆ. ಅಪ್ಪಯ್ಯ ಉಪ್ಪಿನಕಾಯಿ ಬಿಟ್ಟಿದ್ದರು, ಸಾರು ಬಿಟ್ಟು ಮೊಸರನ್ನಕ್ಕೆ ಬಂದಿದ್ದರು. ವಯಸ್ಸಾಯಿತಲ್ಲ ಎಂದು ಅಮ್ಮ ಹೇಳಿದಳು, ನಾನೂ ಹೌದೆಂದೆ. ಹೀಗೆ ಎರಡು ತಿಂಗಳು ಕಳೆದವು.

ಒಂದು ಭಾನುವಾರ ಬೆಳಿಗ್ಗೆ ಅಪ್ಪಯ್ಯ ಕಿಟಕಿಯ ಬಳಿ ಗಡ್ಡ ಹೆರೆಯುತ್ತಿದ್ದರು. ಪಕ್ಕದಲ್ಲಿ ಅವರ ಪುಟ್ಟ ಟ್ರಾನ್ಸಿಸ್ಟರು ಹಾಡುತ್ತಿತ್ತು. ಮೊದಲು ಅದನ್ನು ಕಿವಿಗೆ ಒತ್ತಿ ಹಿಡಿಯಬೇಕಿತ್ತು, ಅಂದು ಅಡುಗೆಮನೆಯಲ್ಲಿದ್ದ ನಮಗೂ ಕೇಳುತ್ತಿತ್ತು. ರೇಡಿಯೋಕ್ಕೆ ಪ್ರಾಯ ಬಂತಲ್ಲ ಎಂದು ನಾನು ಅಮ್ಮನಿಗೆ ತಮಾಷೆ ಮಾಡಿದೆ.

"ಬಾರದೆ ಎಂತ? ನೀನು ಆಫೀಸಿಗೆ ಹೋದ ಮೇಲೆ ಅಪ್ಪಯ್ಯ ಬ್ಯಾಟ್ರಿಯ ಹೊಸ ಶೆಲ್ಲು ತೆಗೆದು ಅದಕ್ಕೆ ಹಾಕ್ತಾರೆ, ಅದರ ಹಳತನ್ನು ಇದಕ್ಕೆ ಹಾಕ್ತಾರೆ. ಶೆಲ್ಲು ಹಾಳಾಗ್ಬಾರ್ದಂತೆ," ಎಂದಳು ಅಮ್ಮ. ಅವಳಿಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಸೊರಗಿದ ಸೆಲ್ಲನ್ನು ಬಿಸಿಲಿಗೆ ಒಣಗಿಸಿ ಮತ್ತೆ ಬಳಸುತ್ತಿದ್ದ ಮನೆ ನಮ್ಮದು.

ನಾನು ಹೋಗಿ ಹಾಡುತ್ತಿದ್ದ ರೇಡಿಯೋದ ಬೆನ್ನು ತೆಗೆದು ಎರಡೂ ಸೆಲ್ಲು ಕಿತ್ತು ಟಾರ್ಚಿಗೆ ಹಾಕಿದೆ. ಅಪ್ಪಯ್ಯ ಅರ್ಧ ಗಡ್ಡದ ಸೋಪು ಒರೆಸಿಕೊಂಡರು. ತಾವಾಗಿ ಬಂದು ಸ್ಟೂಲಿನ ಮೇಲೆ ಕೂತು ಬಾಯಿ ತೆರೆದರು.

ಕೊನೆಯ ಹಲ್ಲಿನ ಹಿಂದೆ, ಹಳೆಯ ಹೊಲಿಗೆಯ ಮೇಲೆಯೇ ಹುಣಸೆಬೀಜದಷ್ಟು ಬಿಳಿ. ಸುತ್ತ ಹಸಿ ಕೆಂಪು. ನಾನು ಚಮಚ ಹೊರಗೆ ತೆಗೆದೆ.

"ಎಂತ ಉಂಟು?"

ಎಂತ ಇಲ್ಲ ಎಂಬ ಮಾತು ಅಭ್ಯಾಸದಿಂದ ನಾಲಿಗೆಗೆ ಬಂದಿತ್ತು. ನುಂಗಿಕೊಂಡೆ. "ಉಂಟು ಅಪ್ಪಯ್ಯ," ಎಂದೆ.

"ನನಗೆ ಗೊತ್ತುಂಟು ಮಗಾ. ನಾಲಿಗೆಗೆ ಸಿಗ್ತದೆ."

"ಮತ್ತೆ ಯಾಕೆ ಹೀಗೆ ಮಾಡಿದ್ರಿ? ಯಾಕೆ ಅಪ್ಪಯ್ಯ?" ನಾನು ಕಿರುಚಿದೆನೆಂದು ಕಾಣುತ್ತದೆ, ಅಮ್ಮ ಓಡಿಬಂದಳು.

ಅಪ್ಪಯ್ಯ ನೆಲ ನೋಡಿಕೊಂಡು ಹೇಳಿದರು: "ಬೆಳಿಗ್ಗೆ ಎದ್ದು ನೀನು ಎಂತ ಇಲ್ಲ ಅಂತ ಹೇಳ್ತಿಯಲ್ಲ. ಅದೊಂದನ್ನು ಇನ್ನು ಸ್ವಲ್ಪ ದಿವಸ ಕೇಳುವಾ ಅಂತ ಆಯ್ತು."

ಮಾರನೆಯ ದಿನ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ನೋಡಿದರು, ಕತ್ತು ಮುಟ್ಟಿದರು, ಅಲ್ಲಿ ಗಂಟಾಗಿತ್ತು. ದಿನವೂ ನೋಡುತ್ತಿದ್ದಿರಲ್ಲವೇ, ಇಷ್ಟು ದೊಡ್ಡದಾಗುವ ತನಕ ಏನು ಮಾಡುತ್ತಿದ್ದಿರಿ ಎಂದು ನನ್ನನ್ನು ಕೇಳಿದರು. ಅಪ್ಪಯ್ಯನೇ ತಮ್ಮ ಹೋಟೆಲು ಹಿಂದಿಯಲ್ಲಿ, "ಇಸ್ ಕಾ ಗಲ್ತಿ ನಹೀ, ಡಾಕ್ಟರ್. ಬ್ಯಾಟ್ರಿ ಖರಾಬ್ ಥಾ," ಎಂದು ತಪ್ಪನ್ನೆಲ್ಲ ಕೆಟ್ಟ ಬ್ಯಾಟ್ರಿಯ ಮೇಲೆ ಹಾಕಿದರು. ಡಾಕ್ಟರಮ್ಮ ನನ್ನ ಮುಖ ನೋಡಿದರು, ಆಮೇಲೆ ಕಾಗದದಲ್ಲಿ ಬರೆಯತೊಡಗಿದರು.

ಈ ಸಲ ದವಡೆಯ ಮೂಳೆಯನ್ನೂ ನಾಲಿಗೆಯ ಒಂದು ಭಾಗವನ್ನೂ ತೆಗೆದರು. ಅಪ್ಪಯ್ಯನ ಮಾತು ಹೋಯಿತು. ಮೂಗಿನ ನಳಿಗೆಯಲ್ಲಿ ಹಾಲು, ಗಂಜಿತಿಳಿ. ಎಂಟು ತಿಂಗಳು ಬದುಕಿದರು. ಅದನ್ನು ಬದುಕು ಎಂದು ಕರೆಯಲು ನನಗೆ ಮನಸ್ಸಿಲ್ಲ.

ಸಂಬಂಧಿಕರು ಬಂದವರೆಲ್ಲ ಸೆಲ್ಲು ಬದಲಾಯಿಸಿದ ಕಥೆ ಕೇಳಿ, ಪಾಪ, ಮಗಳಿಗೆ ಹೀಗೆ ಮೋಸ ಮಾಡಿದರಲ್ಲ ಎಂದರು. ನಾನು ಅವರಿಗೆ ಹೇಳದ ಮಾತು ಇದು. ಒಂದು ಟಾರ್ಚಿಗಾಗಿ ವಾರವಿಡೀ ಬೀದಿ ಅಲೆದವಳು ನಾನು, ಬೆಳಕು ಹಳದಿಯಾದರೆ ಏನು ಕಾಣುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆ ಎರಡು ತಿಂಗಳಲ್ಲಿ ಒಂದು ದಿನ ಚಮಚ ಸರಿಸಿದಾಗ ಅಪ್ಪಯ್ಯ ನೋವಿನಿಂದ ಕಣ್ಣು ಮುಚ್ಚಿದ್ದನ್ನು ನೋಡಿದೆ. ಆ ಜಾಗದಲ್ಲಿ ಏನೋ ಬೇರೆಯಾಗಿದೆ ಎಂದು ಅನ್ನಿಸಿತು. ಟಾರ್ಚನ್ನು ಸ್ವಲ್ಪ ಆಚೆ ತಿರುಗಿಸಿದೆ. ಮೂರು ಹೆಜ್ಜೆ ದಾಟಿದರೆ ಬಾಗಿಲಾಚೆಯ ಗ್ಯಾಲರಿಯಲ್ಲಿ ಬೆಳಗಿನ ಬಿಸಿಲು ಬಿದ್ದಿರುತ್ತಿತ್ತು, ಸ್ಟೂಲನ್ನು ಅಲ್ಲಿಗೆ ಎಳೆದಿದ್ದರೆ ಯಾವ ಬ್ಯಾಟ್ರಿಯೂ ಬೇಕಿರಲಿಲ್ಲ. ಎಳೆಯಲಿಲ್ಲ. ಎಂತ ಇಲ್ಲ ಎಂದು ಹೇಳುವುದು ನನಗೂ ಬೇಕಾಗಿತ್ತು.

ತೀರಿಹೋಗುವುದಕ್ಕೆ ಒಂದು ವಾರ ಮೊದಲು ಅಪ್ಪಯ್ಯ ಕೈಸನ್ನೆ ಮಾಡಿ ಸ್ಲೇಟು ತರಿಸಿಕೊಂಡರು. ಮಾತು ಹೋದ ಮೇಲೆ ಅದರಲ್ಲೇ ಬರೆದು ತೋರಿಸುತ್ತಿದ್ದರು. ಬಹಳ ಹೊತ್ತು ಬರೆದರು. "ನಿನಗೆ ಕಾಣದ ಹಾಗೆ ಮಾಡಿದೆ. ಕ್ಷಮಿಸು ಮಗಾ" ಎಂದಿತ್ತು. ಓದಿದೆ. ನನಗೆ ಕಂಡಿತ್ತು ಎಂದು ಆಗಲಾದರೂ ಹೇಳಬಹುದಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಆ ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದ ಹಾಗೆಯೇ. ನಾನು ಅವರ ಕೈ ಹಿಡಿದುಕೊಂಡು, "ಕ್ಷಮಿಸಿದೆ ಅಪ್ಪಯ್ಯ," ಎಂದೆ.